ಎಡೆದೊರೆ ನಾಡಿನಲ್ಲಿ ನಂಬಿಕೆಯ ಬಂಡವಾಳ

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಕೃಷ್ಣೆಯ ಸೇತುವೆಯನ್ನು ದಾಟಿ ರಾಯಚೂರಿನಲ್ಲಿ ನಿಂತಾಗ ಪ್ರವಾಸಿಯ ಕಣ್ಣನ್ನು ಸೆಳೆಯುವುದು ಬೋಳು ಬಂಡೆಗಳ ಗುಡ್ಡ, ಅದರ ನೆತ್ತಿಯ ಮೇಲಣ ಕೋಟೆ. 1871ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ಒಂದನ್ನೊಂದು ಕೂಡಿಕೊಂಡದ್ದು ಈ ಊರಿನಲ್ಲಿಯೇ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಅಧೀನದಲ್ಲಿದ್ದ ಸಾಮಂತನೊಬ್ಬನು 1294ರಲ್ಲಿ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲೆ ಬರೆದಿದೆ. ಓದಲು ಬಾರದವನಿಗೂ ತಿಳಿಯುವಂತೆ ಅಲ್ಲಿಯೇ ಒಂದು ಚಿತ್ರವನ್ನೂ ಕೊರೆದಿದ್ದಾರೆ: ಬಂಡಿಯ ಮೇಲೆ ಹೇರಿದ ಬಂಡೆಯನ್ನು ಕೋಣಗಳ ಉದ್ದನೆಯ ಸಾಲು ಜಗ್ಗುತ್ತಿದೆ. ಅರಸರ ಚಿತ್ರವನ್ನು ಬಿಟ್ಟು ಭಾರ ಎಳೆದವರ ಚಿತ್ರವನ್ನು ಕೊರೆದ ಶಿಲ್ಪಿಯ ವಿವೇಕವನ್ನು ಮೆಚ್ಚಬೇಕು.

ಈ ಜಿಲ್ಲೆಯ ಜನ ಇಂದಿಗೂ ಭಾರವನ್ನು ಎಳೆಯುತ್ತಲೇ ಇದ್ದಾರೆ. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲಕ್ಕೆ ಹತ್ತಿಯ ರಾಶಿಗಳು ಏಳುತ್ತವೆ. ಶಕ್ತಿನಗರದ ವಿದ್ಯುತ್ತು ದೂರದೂರದ ಊರುಗಳ ದೀಪಗಳನ್ನು ಉರಿಸುತ್ತದೆ. ಹಟ್ಟಿಯ ಗಣಿ ಚಿನ್ನವನ್ನು ಹೆರುತ್ತದೆ. ಇಷ್ಟಿದ್ದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ನಾಡಿನ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಎಣಿಸಿದಾಗ ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದುವು. 2018ರಲ್ಲಿ ನೀತಿ ಆಯೋಗವು ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ಹೊಸ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಹೆಸರು ಬದಲಾಯಿತು, ಊರು ಅದೇ.

ನಗರದಿಂದ ವಾಯವ್ಯಕ್ಕೆ ಹೊರಟ ಬಸ್ಸು ಹಳೆಯ ಗುಡಿಗಳ, ಶಾಸನಗಳ ಗಬ್ಬೂರನ್ನು ಹಾದು ದೇವದುರ್ಗಕ್ಕೆ ಹೋಗುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಹೊಲದಲ್ಲಿ ಬತ್ತ, ಮೆಣಸಿನಕಾಯಿ. ಕಾಣದ ಹೊಲದಲ್ಲಿ ತೊಗರಿ, ಹತ್ತಿ, ಮತ್ತು ಮುಗಿಲು ನೋಡುವ ಒಕ್ಕಲು. ಕೊಯ್ಲು ಮುಗಿದ ಮೇಲೆ ಇಲ್ಲಿನ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಜನ ಗುಳೆ ಹೊರಡುತ್ತಾರೆ. ಜೋಳದ ಹಿಟ್ಟಿನ ಚೀಲ, ಕೌದಿ, ಅಡಿಗೆಯ ಪಾತ್ರೆ, ಕಂಕುಳಲ್ಲಿ ಕೂಸು: ಇಷ್ಟನ್ನು ಹೊತ್ತ ಸಂಸಾರಗಳು ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಕುಳಿತು ಬೆಂಗಳೂರಿನ ಬಸ್ಸನ್ನು ಕಾಯುತ್ತವೆ. ರಾಜಧಾನಿಯ ವಾಚಕರು ತಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಮುಂದೆ ಮರಳು ಜರಡಿ ಹಿಡಿಯುವ ಹೆಂಗಸಿನ ಊರನ್ನು ಒಮ್ಮೆ ಕೇಳಿ ನೋಡಬಹುದು.

ಗುಳೆಗೆ ಬರವೊಂದೇ ಕಾರಣವಲ್ಲ, ಸಾಲವೂ ಕಾರಣ. ನೂರಕ್ಕೆ ತಿಂಗಳಿಗೆ ಐದು ರೂಪಾಯಿಯ ಬಡ್ಡಿಗೆ 10,000 ರೂಪಾಯಿ ತಂದವನು ವರ್ಷಕ್ಕೆ 6,000 ತೆತ್ತ ಮೇಲೂ ಅಸಲು ಹಾಗೆಯೇ ಕುಳಿತಿರುತ್ತದೆ. ಈ ಲೆಕ್ಕವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಕೆಲಸವನ್ನು ಈಚಿನ ದಶಕಗಳಲ್ಲಿ ಕೈಗೆತ್ತಿಕೊಂಡವರಲ್ಲಿ ಒಂದು ದೇವಸ್ಥಾನವೂ ಇದೆ ಎಂಬುದು ಗಮನಿಸಬೇಕಾದ ಸಂಗತಿ.

1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಕರಾವಳಿಯಿಂದ ಘಟ್ಟ ಹತ್ತಿ, ಬಯಲುಸೀಮೆಯನ್ನು ದಾಟಿ, ಎಡೆದೊರೆಯ ಈ ನಾಡಿಗೂ ಬಂದಿತು. ಇದರ ಸ್ವಸಹಾಯ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಹೆಣ್ಣುಮಕ್ಕಳು ಚಾಪೆಯ ಮೇಲೆ ಸುತ್ತುಗಟ್ಟಿ ಕುಳಿತು ದೇವರನ್ನು ನೆನೆಯುತ್ತಾರೆ, ಉಳಿತಾಯದ ಹಣವನ್ನು ಎಣಿಸುತ್ತಾರೆ, ಸಾಲದ ಕಂತನ್ನು ಪುಸ್ತಕದಲ್ಲಿ ಬರೆಯಿಸುತ್ತಾರೆ. ‘ಪ್ರಗತಿನಿಧಿ’ ಎಂದು ಕರೆಯುವ ಆ ಸಾಲಕ್ಕೆ ಒತ್ತೆಯಾಗಿ ಬಂಗಾರವಿಲ್ಲ, ಹೊಲದ ಪತ್ರವಿಲ್ಲ. ಒಬ್ಬಳ ಮಾತಿಗೆ ಉಳಿದವರು ಹೊಣೆ. ದೇವರ ಹೆಸರು ಹೇಳಿ ಕೊಟ್ಟ ಮಾತನ್ನು ನೆರೆಯವಳ ಎದುರಿನಲ್ಲಿ ತಪ್ಪುವುದು ಸುಲಭವಲ್ಲ. ಬ್ಯಾಂಕಿನ ಕಾಗದಪತ್ರಗಳಿಗಿಂತ ಈ ಲಜ್ಜೆಗೆ ಬಲ ಹೆಚ್ಚು.

ಆದರೆ ಹಣ ಸಿಕ್ಕಿದ ಮಾತ್ರಕ್ಕೆ ವ್ಯಾಪಾರ ಬರುವುದಿಲ್ಲ. ಜೋಳದ ರೊಟ್ಟಿ ಬಡಿದು ಮಾರುವ ಗೃಹಿಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ 600 ರೂಪಾಯಿಯ ರೊಟ್ಟಿ ಹೋಯಿತು, ಜೋಳಕ್ಕೂ ಸೌದೆಗೂ 380 ಆಯಿತು. 220 ಲಾಭವೆಂದು ಅವಳು ಹಿಗ್ಗುತ್ತಾಳೆ. ಗಿರಣಿಯ ಕೂಲಿ, ಉದ್ರಿ ಒಯ್ದು ಕೊಡದ ನೆರೆಮನೆಯವರು, ಮನೆಮಂದಿ ಉಂಡ ರೊಟ್ಟಿ, ಎಲ್ಲಕ್ಕಿಂತ ಮಿಗಿಲಾಗಿ ಒಲೆಯ ಮುಂದೆ ಬೆಂದ ಅವಳ ದುಡಿಮೆ, ಇವು ಲೆಕ್ಕಕ್ಕೇ ಬಂದಿಲ್ಲ. ಸಂಜೆ ಅತ್ತೆಯ ಔಷಧಿಗೆ ಅದೇ ಡಬ್ಬಿಯಿಂದ ಹಣ ಹೋಗುತ್ತದೆ, ಮರುದಿನ ಜೋಳ ಕೊಳ್ಳಲು ಮತ್ತೆ ಸಾಲ. ಮನೆಗೊಂದು ಡಬ್ಬಿ, ಅಂಗಡಿಗೊಂದು ಡಬ್ಬಿ ಎಂಬುದೇ ಇಂತಹ ತರಬೇತಿಯ ಮೊದಲ ಪಾಠ. ಕೇಳುವುದಕ್ಕೆ ಎಷ್ಟು ಸರಳವೋ ಪಾಲಿಸುವುದಕ್ಕೆ ಅಷ್ಟೇ ಕಠಿಣ. ತಿಂಗಳ ಸಂಬಳ ಬರುವ ಪಟ್ಟಣದ ಮನೆಗಳಲ್ಲಿಯೂ ಇದು ಎಷ್ಟು ನಡೆಯುತ್ತದೆಯೋ ಬಲ್ಲವರೇ ಬಲ್ಲರು.

ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಕೂಡಿ ಅದೇ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟಿ ಎಂಬ ಶಿಕ್ಷಣಕೇಂದ್ರವನ್ನು ತೆರೆದುವು. ನಿರುದ್ಯೋಗಿಗಳಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಆ ಮಾದರಿಯನ್ನು ಮೆಚ್ಚಿದ ಕೇಂದ್ರ ಸರ್ಕಾರವು ಜಿಲ್ಲೆಗೊಂದು ಅಂತಹ ಸಂಸ್ಥೆಯನ್ನು ಬ್ಯಾಂಕುಗಳಿಂದ ಸ್ಥಾಪಿಸುವ ಯೋಜನೆ ಮಾಡಿತು. ರಾಯಚೂರಿಗೂ ಒಂದು ಬಂದಿತು. ಇಲ್ಲಿನ ಪಾಠಕ್ರಮದಲ್ಲಿ ಒಂದು ಬಳೆ ಎಸೆಯುವ ಆಟ ಉಂಟು. ನೆಟ್ಟ ಗೂಟಕ್ಕೆ ಬಳೆಯನ್ನು ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವರೇ ನಿಶ್ಚಯಿಸಬೇಕು. ಹತ್ತಿರ ನಿಂತರೆ ಗುರಿ ತಪ್ಪದು, ಅಂಕ ಕಡಿಮೆ. ದೂರ ನಿಂತರೆ ಅಂಕ ಹೆಚ್ಚು, ಬಳೆ ಬೀಳದು. ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಎಡಗೈಯಿಂದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸಬಲ್ಲೆನೆಂದು ಮೊದಲೇ ಹೇಳಬೇಕು. ಜನ್ಮದಲ್ಲಿ ಯಾರೂ ‘ನಿನ್ನಿಂದ ಎಷ್ಟಾದೀತು?’ ಎಂದು ಕೇಳದಿದ್ದ ಕೂಲಿಯ ಮಗಳಿಗೆ ಆ ಪ್ರಶ್ನೆಯೇ ಒಂದು ಹೊಸ ಅನುಭವ. ಕಲಿತವರ ಬೆನ್ನ ಹಿಂದೆ ಎರಡು ವರ್ಷ ವಿಚಾರಿಸುತ್ತಿರುವುದು ಈ ಸಂಸ್ಥೆಗಳ ಪದ್ಧತಿ.

ರಾಯಚೂರಿನಿಂದ ನೈಋತ್ಯಕ್ಕೆ ಹೊರಟರೆ ಮಾನ್ವಿ. ಇದು ದಾಸರ ಸೀಮೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಈ ತಾಲ್ಲೂಕಿನದು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ವಿಜಯದಾಸರ ಬಾಲ್ಯದ ದಾರಿದ್ರ್ಯವನ್ನು ಭಕ್ತರು ಇಂದಿಗೂ ಹೇಳಿಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಬತ್ತದ ಗದ್ದೆಗಳನ್ನು ತಂದಿತಾದರೂ ಕಾಲುವೆಯ ಕೊನೆಯವರೆಗೆ ನೀರು ಬಾರದೆಂಬ ರೈತರ ದೂರು ಹಳೆಯದು. ಗದ್ದೆ ಬಂದರೂ ಗದ್ದೆಯಿಲ್ಲದವರ ಕೂಲಿ ತಪ್ಪಲಿಲ್ಲ. ಅಂತಹ ದಲಿತ ಕೂಲಿ ಹೆಂಗಸರು ಪೋತ್ನಾಳದಲ್ಲಿ ಜಾಗೃತಿ ಮಹಿಳಾ ಸಂಘಟನೆಯನ್ನು ಕಟ್ಟಿಕೊಂಡು ಬೇವಿನ ಬೀಜದಿಂದ ಗೊಬ್ಬರವನ್ನೂ ಸುಟ್ಟ ಮಣ್ಣಿನಿಂದ ಕೊರಳ ಸರ, ಓಲೆಗಳನ್ನೂ ಮಾಡಿ ಮಾರಲು ಕಲಿತರು. ಅವರ ಸಂಘಕ್ಕೆ ಯಾವ ಗುಡಿಯ ಹೆಸರೂ ಇಲ್ಲ.

ಇಲ್ಲದಿರುವುದಕ್ಕೆ ಅರ್ಥವಿದೆ. ದೇವರ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಬಡತನವನ್ನು ಅವರ ಕೊರಳಿಗೆ ಬಿಗಿದದ್ದೂ ಈ ಸೀಮೆಯೇ. ಆ ಪದ್ಧತಿಯನ್ನು ನಿಷೇಧಿಸಿದ ಕಾನೂನಿನ ವರ್ಷವೂ 1982. ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆನ್ನುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ನಂಬಿಕೆಯ ಬಗೆ ಬೇರೆ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಗಂಡನು ಆಯ್ದು ತಂದಾಗ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದಳೆಂಬ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಬಡವಿಯಾದರೂ ತನ್ನ ಮನೆಯ ಲೆಕ್ಕ ಅವಳ ಕೈಯಲ್ಲಿತ್ತು. ಒಂದೇ ದೇವರು, ಒಂದು ಕಡೆ ಹೆಣ್ಣಿನ ಕೈಯನ್ನು ಕಟ್ಟಿದನು, ಒಂದು ಕಡೆ ಬಿಚ್ಚಿದನು. ದೋಷ ದೇವರದ್ದೆನ್ನುವುದು ಹೇಗೆ?

ಇಂದಿನ ಅಪಾಯ ಮತ್ತೊಂದು. ಸಂಘದ ಸಾಲ ಕೈಗೆ ಬಂದಂತೆ ಹತ್ತಾರು ಕಿರುಸಾಲದ ಕಂಪನಿಗಳೂ ಬಾಗಿಲಿಗೆ ಬಂದುವು. ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ ಮಾಡಿದ ಸಂಸಾರಗಳು ರಾತ್ರೋರಾತ್ರಿ ಊರು ಬಿಟ್ಟ ಸುದ್ದಿಗಳು ನಾಡಿನ ಪತ್ರಿಕೆಗಳಲ್ಲಿ ತುಂಬಿ, 2025ರ ಫೆಬ್ರವರಿಯಲ್ಲಿ ಸರ್ಕಾರವು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ನೆರೆಯವಳ ಹೊಣೆಗಾರಿಕೆ ನೆರೆಯವಳ ಕಿರುಕುಳವಾಗಲು ಬಹಳ ಹೊತ್ತು ಬೇಡ. ಸಾಲವನ್ನು ಕೊಡುವಷ್ಟೇ ಶ್ರದ್ಧೆಯಿಂದ ಸಾಲ ಬೇಡವೆನ್ನುವುದನ್ನೂ ಕಲಿಸುವ ಸಂಘಗಳು ಎಷ್ಟಿವೆಯೆಂಬುದು ಗುಡಿಯವರನ್ನೂ ಬ್ಯಾಂಕಿನವರನ್ನೂ ಕೇಳಬೇಕಾದ ಪ್ರಶ್ನೆ.

ದೇವದುರ್ಗದ ನಿಲ್ದಾಣದಲ್ಲಿ ಸಂಜೆಯ ಬಸ್ಸು ಇಂದಿಗೂ ತುಂಬಿಯೇ ಹೊರಡುತ್ತದೆ. ಹಿಟ್ಟಿನ ಚೀಲ ಹೊತ್ತ ಸಂಸಾರಗಳ ಪಕ್ಕದಲ್ಲಿ ಬಟ್ಟೆ ಹೊದಿಸಿದ ಬುಟ್ಟಿಯನ್ನು ಇಟ್ಟುಕೊಂಡು ಹೆಂಗಸರು ದಾರಿಯ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾರೆ. ಬಸ್ಸು ಹೊರಟ ಮೇಲೆ ಚಿಲ್ಲರೆಯನ್ನು ಎಣಿಸಿ ಸೆರಗಿನ ಎರಡು ತುದಿಗಳಲ್ಲಿ ಬೇರೆಬೇರೆಯಾಗಿ ಗಂಟು ಹಾಕಿಕೊಂಡು ಮನೆಯ ದಾರಿ ಹಿಡಿಯುತ್ತಾರೆ.