ಮೋಟಾರಿನ ಆಸನ ಕಲಿಸಿದ ಪಾಠ

ನಿವೃತ್ತನಾದ ಶಾಲಾಮಾಸ್ತರನು ತನ್ನ ಹೊತ್ತನ್ನು ಹೇಗೆ ಕಳೆಯುತ್ತಾನೆಂಬುದು ನೆರೆಹೊರೆಯವರಿಗೆ ಯಾವಾಗಲೂ ಕುತೂಹಲದ ವಿಷಯವಾಗಿರುತ್ತದೆ. ಪುರಾಣ ಹೇಳಿಕೊಂಡಿರುವನೆಂದು ಕೆಲವರು ಬಗೆಯುವರು. ಕಟ್ಟೆಯ ಮೇಲೆ ಕುಳಿತು ರಾಜಕಾರಣ ನುಡಿಯುವನೆಂದು ಕೆಲವರು ಬಗೆಯುವರು. ನಾವಾದರೋ ಬೈಲಹೊಂಗಲದ ನಮ್ಮ ಮನೆಯ ಅಂಗಳದಲ್ಲಿ ಕುಳಿತು ಮೋಟಾರು ಗಾಡಿಯ ಆಸನಗಳಿಗೆ ಹೊಸ ಚರ್ಮವನ್ನು ಹೊದಿಸಿದೆವು. ಈ ವೃತ್ತಾಂತವನ್ನು ವಾಚಕರ ಮುಂದಿಡುವುದಕ್ಕೆ ಎರಡು ಕಾರಣಗಳುಂಟು. ಇಂಥ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆನ್ನುವವರಿಗೆ ನಮ್ಮ ತಪ್ಪುಗಳು ಉಪಯೋಗಕ್ಕೆ ಬಂದಾವು ಎಂಬುದು ಒಂದು. ಎರಡನೆಯದು ಓದುತ್ತ ಹೋದಂತೆ ತಾನಾಗಿಯೇ ತಿಳಿದುಬರುವುದು.

ಗಾಡಿಯು ನಮ್ಮ ತೀರ್ಥರೂಪರದು. ಅವರು ಇಲ್ಲಿಯ ಪೇಟೆಯಲ್ಲಿ ಹತ್ತಿಯ ಅಡತಿ ಅಂಗಡಿ ನಡೆಸುತ್ತಿದ್ದರು. 1984ರಲ್ಲಿ ಕೊಂಡ ಅಂಬಾಸಿಡರ್ ಅದು. ಕಲ್ಕತ್ತೆಯ ಸಮೀಪದ ಉತ್ತರಪಾಡಾದ ಕಾರಖಾನೆಯು 2014ರಲ್ಲಿ ಆ ಗಾಡಿಗಳ ತಯಾರಿಕೆಯನ್ನು ನಿಲ್ಲಿಸಿತು. ನಮ್ಮ ಗಾಡಿ ಮಾತ್ರ ನಿಲ್ಲಲಿಲ್ಲ. ಕಿತ್ತೂರಿನ ಉತ್ಸವಕ್ಕೂ ರಾಮದುರ್ಗದ ಬೀಗರ ಮನೆಗೂ ಅದರಲ್ಲಿಯೇ ನಮ್ಮ ಪ್ರಯಾಣ. ಆದರೆ ಆಸನಗಳ ರೆಗ್ಜಿನ್ ಬಿಸಿಲಿಗೆ ಬಿರಿದು, ಒಳಗಿನ ತಂತಿಯ ಸುರುಳಿಗಳು ಕುಳಿತವರನ್ನು ಇರಿಯತೊಡಗಿದ್ದವು. ಬನದ ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಾತು ಬಂದಾಗ ನಮ್ಮ ಮನೆಯವರು, “ಅಲ್ಲರೀ, ಈ ಸೀಟಿನ ಮ್ಯಾಲ ಕೂತು ಗುಡ್ಡಕ್ಕ ಹೋದ್ರ ನನ್ನ ಸೊಂಟ ಅಲ್ಲೇ ಉಳೀತೈತಿ. ನೀವೊಬ್ಬರೇ ಹೋಗಿಬರ್ರಿ” ಎಂದುಬಿಟ್ಟರು. ಹುಣ್ಣಿವೆಗೆ ಇನ್ನೂ ಒಂದು ತಿಂಗಳಿತ್ತು.

ಮತ್ತೆ ರೆಗ್ಜಿನ್ ಹಾಕಿಸಬಹುದಾಗಿತ್ತು. ಆದರೆ ತೀರ್ಥರೂಪರಿಗೆ ನಿಜವಾದ ಚರ್ಮದ ಆಸನ ಬೇಕೆಂಬ ಆಸೆಯಿದ್ದು, ಅದು ಅವರ ಕಾಲಕ್ಕೆ ಕೈಗೂಡಿರಲಿಲ್ಲ. ಆದುದರಿಂದ ಹುಬ್ಬಳ್ಳಿಯಿಂದ ಎಮ್ಮೆಯ ಚರ್ಮವನ್ನು ತರಿಸಿದೆವು. ಕುಳ್ಳಿರುವ ಮತ್ತು ಒರಗುವ ಮೈಗೆ ಮಾತ್ರ ಚರ್ಮ, ಕಾಣದ ಬೆನ್ನಿಗೂ ಪಕ್ಕಗಳಿಗೂ ರೆಗ್ಜಿನ್ ಎಂದು ಗೊತ್ತುಮಾಡಿದೆವು. ಕೆಲಸವನ್ನು ಸ್ವತಃ ಮಾಡುವೆವೆಂದು ಸಾರಿದೆವು. ಮೂವತ್ತು ವರ್ಷ ಅಮರಕೋಶವನ್ನು ಕಲಿಸಿದವರಿಗೆ ಒಂದು ಹೊದಿಕೆ ಹೊಲಿಯುವುದು ಯಾವ ಲೆಕ್ಕವೆಂಬ ಗರ್ವ ನಮ್ಮಲ್ಲಿ ಇಲ್ಲದಿರಲಿಲ್ಲ.

ಮೊದಲಿನ ಕೆಲಸ ಸುಲಭವಾಗಿಯೇ ಸಾಗಿತು. ತಿರುಪುಗಳನ್ನು ಬಿಚ್ಚಿ ಆಸನಗಳನ್ನು ಅಂಗಳಕ್ಕೆ ತಂದೆವು. ಹಳೆಯ ಹೊದಿಕೆಯನ್ನು ಚೌಕಟ್ಟಿಗೆ ಬಿಗಿದ ತಂತಿಯ ಕೊಂಡಿಗಳನ್ನು ಇಕ್ಕಳದಿಂದ ಕತ್ತರಿಸಿ ತೆಗೆದೆವು. ಬಳಿಕ ಹೊದಿಕೆಯ ಹೊಲಿಗೆಗಳನ್ನು ಬಿಡಿಸಿ, ಆ ತುಂಡುಗಳನ್ನೇ ಮಾದರಿಯಾಗಿಟ್ಟುಕೊಂಡು ಚರ್ಮವನ್ನು ಕತ್ತರಿಸಿದೆವು. ಆದರೆ ತುಂಡುಗಳಿಗೆ ಗುರುತು ಹಾಕಿರಲಿಲ್ಲ. ದಬ್ಬಣ ಹಿಡಿದು ಎರಡು ದಿನ ಹೊಲಿದ ಮೇಲೆ, ಎಡದ ತುಂಡು ಬಲಕ್ಕೂ ಬಲದ್ದು ಎಡಕ್ಕೂ ಕೂಡಿದುದು ಗೊತ್ತಾಯಿತು. ಅರಿವೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಹಾಗಲ್ಲ. ದಾರವನ್ನೆಲ್ಲ ತೆಗೆದರೂ ತೂತುಗಳ ಸಾಲು ಹಾಗೆಯೇ ಉಳಿದು ನಮ್ಮನ್ನು ನೋಡುತ್ತಿತ್ತು.

ಗಾಡಿ ರಿಪೇರಿ ಮಾಡುವ ಹುಡುಗನೊಬ್ಬನು, ಸವದತ್ತಿಯಲ್ಲಿ ಸೀಟಿನ ಕೆಲಸ ಬಲ್ಲವನೊಬ್ಬನಿದ್ದಾನೆ, ನಿಜವಾದ ಚರ್ಮದ ಹದ ಅವನಿಗೇ ಗೊತ್ತು ಎಂದು ಹೇಳಿದನು. ಕೆಟ್ಟ ತುಂಡನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ನಲವತ್ತು ದಾಟಿದ ಮನುಷ್ಯ. ತುಂಡನ್ನು ತಿರುವಿ ನೋಡಿ, ನಮ್ಮ ಮುಖವನ್ನೂ ನೋಡಿ, “ಸರ, ನೀವು ರಾಮದುರ್ಗದ ಕಡೆ ಸಂಸ್ಕೃತ ಕಲಿಸ್ತಿದ್ರಲ್ರಿ? ನಾ ಎಂಟನೇತ್ತೆ ನಿಮ್ಮ ಕೈಯಾಗ ಇದ್ನಿರಿ, ಹಿಂದಿನ ಸಾಲಿನಾಗ” ಎಂದನು. ನಮಗೆ ನೆನಪು ಹತ್ತಲಿಲ್ಲ. ಹತ್ತಿತೆಂದು ನಟಿಸಿ, ಸಂತೋಷವೆಂದೆವು. ಮುಂದಿನ ರವಿವಾರ ನಮ್ಮ ಮನೆಗೇ ಬರುವೆನೆಂದು ಅವನು ಒಪ್ಪಿಕೊಂಡನು.

ಅಂದಿನಿಂದ ಮೂರು ರವಿವಾರ ಅವನು ಗುರು, ನಾವು ಶಿಷ್ಯರು. ಅವನ ಪಾಠವನ್ನು ಸಂಗ್ರಹವಾಗಿ ಕೊಡುತ್ತೇವೆ. ಹೊಲಿಗೆ ಬಿಡಿಸುವ ಮೊದಲೇ ಪ್ರತಿಯೊಂದು ತುಂಡಿಗೆ ಅಂಕಿ ಹಾಕಿ, ಕೂಡುವ ಅಂಚುಗಳಿಗೆ ಸೀಮೆಸುಣ್ಣದಿಂದ ಜೋಡುಗೆರೆ ಎಳೆಯತಕ್ಕದ್ದು. ಹೊದಿಕೆಯ ಒಳಗೆ ಓಡುವ ತಂತಿಗಳನ್ನು ಎಸೆಯದೆ ಇಟ್ಟುಕೊಳ್ಳತಕ್ಕದ್ದು. ಆಸನದ ತಗ್ಗು ಉಬ್ಬುಗಳ ಆಕಾರ ನಿಲ್ಲುವುದು ಅವುಗಳಿಂದಲೇ. ಚರ್ಮವು ಎಲ್ಲ ಕಡೆಗೂ ಒಂದೇ ಸಮನಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲು. ಆದುದರಿಂದ ಕುಳ್ಳಿರುವ ಜಾಗಕ್ಕೆ ಬೆನ್ನಿನ ಚರ್ಮವನ್ನೇ ಇಡಬೇಕು. ಕತ್ತರಿಸುವ ಮೊದಲು ಕೀಟ ಕಚ್ಚಿದ, ಮುಳ್ಳು ತರಚಿದ ಕಲೆಗಳನ್ನು ಹುಡುಕಿ ಗುರುತುಮಾಡಬೇಕು. ಅಂಚಿಗೆ ಅರ್ಧ ಇಂಚು ಹೆಚ್ಚು ಬಿಡಬೇಕು. ಹತ್ತಿಯ ದಾರ ಬೇಗ ಕೊಳೆಯುವುದು. ಪಾಲಿಸ್ಟರ್ ದಾರವೇ ಒಳ್ಳೆಯದು. ಮನೆಯ ಹೊಲಿಗೆ ಯಂತ್ರಕ್ಕೆ ಈ ಕೆಲಸ ಆಗದು. ಉದ್ದ ಹೊಲಿಗೆಗಳನ್ನೆಲ್ಲ ಅವನು ತನ್ನ ಅಂಗಡಿಯ ಭಾರಿ ಯಂತ್ರದಲ್ಲಿ ಹಾಕಿಕೊಂಡು ಬಂದನು. ನಾವು ತೂತು ಮಾಡಿ ಕೆಡಿಸಿದ ತುಂಡನ್ನು ಅವನು ಎಸೆಯಲಿಲ್ಲ. “ಚರ್ಮದಾಗ ಬಿದ್ದ ತೂತು ಮುಚ್ಚೂದಿಲ್ರಿ ಸರ. ಹೊಲಿಗೀ ಅದರ ಮ್ಯಾಲ ಬರೂ ಹಂಗ ನೋಡ್ಕೋಬೇಕ್ರಿ” ಎಂದು ಹೇಳಿ, ಅದನ್ನು ಸಣ್ಣದಾಗಿ ಕತ್ತರಿಸಿ ಬೇರೆ ಕಡೆ ಕೂಡಿಸಿದನು.

ಅವನ ರಂಪಿಗೆ ಓಡುವುದನ್ನು ನೋಡುತ್ತ ನಾವು ಅನೇಕ ಪ್ರಶ್ನೆಗಳನ್ನು ಕೇಳಿದೆವು. ಕೊಲ್ಹಾಪುರಿ ಎಂದು ಹೆಸರಾದ ಮೆಟ್ಟುಗಳು ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿಯೂ ತಯಾರಾಗುತ್ತವೆ. ಅವುಗಳ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಈ ನಾಲ್ಕೂ ಸೇರಿವೆ. ಆ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡುವರು, ಅದು ಗಟ್ಟಿಯಾಗಿರುತ್ತದೆ. ಆಸನದ ಚರ್ಮವನ್ನು ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದಮಾಡುವರು. ಅದು ಮೃದುವಾಗಿ ಬಾಗುತ್ತದೆ. ಅವನ ತಂದೆ ಮೊದಲಿನದನ್ನು ಬಲ್ಲವರಾಗಿದ್ದರಂತೆ.

ಎರಡನೆಯ ರವಿವಾರ, ಚರ್ಮವನ್ನು ಬಿಸಿಲಿಗೆ ಹರಡುತ್ತ ಅವನು ತನ್ನಷ್ಟಕ್ಕೆ ತಾನೇ ಎಂಬಂತೆ, “ಅಜಿನ, ಚರ್ಮ, ಕೃತ್ತಿ” ಎಂದನು. ಉಚ್ಚಾರ ಶುದ್ಧವಾಗಿತ್ತು. ಆಗ ನಮಗೆ ಎಲ್ಲವೂ ನೆನಪಾಯಿತು.

1995ರ ಸುಮಾರಿನ ಮಾತು. ಚರ್ಮಕ್ಕೆ ಪರ್ಯಾಯ ಶಬ್ದಗಳನ್ನು ಹೇಳೆಂದು ಹಿಂದಿನ ಸಾಲಿನ ಹುಡುಗನೊಬ್ಬನನ್ನು ನಾವು ಎಬ್ಬಿಸಿ ನಿಲ್ಲಿಸಿದ್ದೆವು. ಅವನು ತಡವರಿಸಿದನು. “ಇದನ್ನ ನೀ ಬಾಯಿಪಾಠ ಮಾಡೂದ್ಯಾಕೋ? ನಿಮ್ಮ ಮನ್ಯಾಗ ಗ್ವಾಡಿಗೇ ತೂಗಹಾಕಿರ್ತಾರಲ್ಲ” ಎಂದೆವು. ವರ್ಗವೆಲ್ಲ ನಕ್ಕಿತು, ನಾವೂ ನಕ್ಕೆವು. ಮರುವಾರದಿಂದ ಆ ಹುಡುಗನು ಸಂಸ್ಕೃತದ ತಾಸಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಾವು ವಿಚಾರಿಸಲಿಲ್ಲ. ಅದೇ ವರ್ಷ ಬಸವ ಜಯಂತಿಯ ದಿನ, ತಮ್ಮ ತೊಡೆಯ ತೊಗಲಿನಿಂದ ಅಣ್ಣನವರಿಗೆ ಮೆಟ್ಟು ಮಾಡಿದ ಹರಳಯ್ಯ ಕಲ್ಯಾಣಮ್ಮನವರ ಕಥೆಯನ್ನು ಅದೇ ಹುಡುಗರ ಮುಂದೆ ಕಣ್ಣೀರು ಬರುವಂತೆ ಹೇಳಿದವರೂ ನಾವೇ! ನಮ್ಮದು ಶರಣರ ಹೆಸರು ಹೇಳಿಕೊಂಡು ಬಂದ ಮನೆತನ.

“ಆ ಮೂರು ಶಬ್ದ ಆವತ್ತ ರಾತ್ರಿನ ಬಾಯಿಪಾಠ ಮಾಡಿದ್ನಿರಿ. ಹೇಳೂದs ಆಗಲಿಲ್ಲ” ಎಂದನು. ಸಿಟ್ಟಿನಿಂದ ಹೇಳಲಿಲ್ಲ, ಚರ್ಮದ ಅಂಚನ್ನು ನೇರಮಾಡುತ್ತ ಹೇಳಿದನು. ನಮಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಕಡೆಗೆ, “ತಮ್ಮಾ, ಆವತ್ತ ನಾ ಆಡಿದ್ದು ಕೆಟ್ಟ ಮಾತು. ತಪ್ಪಾತು” ಎಂದೆವು. ಮೂವತ್ತು ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನ ಮುಂದೆ ಈ ಮಾತನ್ನು ಆಡಿದುದು ನಮಗೆ ನೆನಪಿಲ್ಲ. ಪರವಾಗಿಲ್ಲವೆಂದು ಅವನು ಅನ್ನಲಿಲ್ಲ; ಅನ್ನಬೇಕೆಂದು ಬಯಸುವ ಹಕ್ಕು ನಮಗೂ ಇರಲಿಲ್ಲ. ಕೆಲ ಹೊತ್ತಾದ ಮೇಲೆ, “ನನ್ನ ಮಗಳು ಈಗ ಎಂಟನೇತ್ತೆ ಅದಾಳ್ರಿ. ಸಂಸ್ಕೃತ ತುಗೊಂಡಾಳ. ಸಂಧಿ ತಿಳೀವಲ್ದು ಅಂತಾಳ” ಎಂದಷ್ಟೇ ಹೇಳಿದನು. ಒಳಗಿನಿಂದ ಚಹಾ ತಂದ ನಮ್ಮ ಮನೆಯವರು ನಮ್ಮ ಮುಖ ನೋಡಿ ಏನೂ ಕೇಳದೆ ಒಳಗೆ ಹೋದರು.

ಮೂರನೆಯ ರವಿವಾರ ಹೊದಿಸುವ ಕೆಲಸ. ಬಿಸಿಲಿನಲ್ಲಿ ಅರ್ಧ ತಾಸು ಕಾದ ಚರ್ಮ ಮೆತ್ತಗಾಗಿತ್ತು. ಸುರುಳಿಗಳ ಮೇಲೆ ಹೊಸ ಫೋಮ್ ಹಾಸಿ, ಚರ್ಮ ಜಾರಲೆಂದು ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಿಟ್ಟೆವು. ನಡುವಿನಿಂದ ಆರಂಭಿಸಿ, ಎರಡೂ ಕಡೆಗೆ ಸಮನಾಗಿ ಎಳೆಯುತ್ತ ಕೊಂಡಿ ಹಾಕುತ್ತ ಹೋಗಬೇಕು. ಅವಸರದಿಂದ ಎಳೆದೆವು, “ಹಂಗ ಎಳೀಬ್ಯಾಡ್ರಿ ಸರ, ಅದು ತಾನs ಬರ್ತೈತಿ” ಎಂದು ಅವನು ನಮ್ಮ ಕೈ ಹಿಡಿದನು. ಉಳಿದ ಸಣ್ಣ ನೆರಿಗೆಗಳು ಎಂಟು ದಿನ ಕುಳಿತ ಮೇಲೆ ತಾವಾಗಿ ಅಡಗಿದವು. ಹೊಸ ಗಾಡಿಯುಳ್ಳವರಿಗೆ ಒಂದು ಎಚ್ಚರಿಕೆಯ ಮಾತು: ಆಸನದ ಪಕ್ಕದಲ್ಲಿ ಗಾಳಿಚೀಲ ಇದ್ದರೆ ಈ ಕೆಲಸಕ್ಕೆ ಮನೆಯಲ್ಲಿ ಕೈಹಾಕತಕ್ಕದ್ದಲ್ಲ. ಅಪಘಾತದ ವೇಳೆಗೆ ಆ ಚೀಲವು ಹೊಲಿಗೆಯನ್ನು ಹರಿದು ಹೊರಬರಬೇಕಾಗುವುದರಿಂದ, ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ನಮ್ಮ ಹಳೆಯ ಗಾಡಿಗೆ ಆ ಚಿಂತೆಯಿಲ್ಲ.

ಬನದ ಹುಣ್ಣಿವೆಗೆ ಗುಡ್ಡಕ್ಕೆ ಹೋಗಿಬಂದೆವು. ನಮ್ಮ ಮನೆಯವರು ಸೊಂಟದ ಹೆಸರನ್ನೇ ಎತ್ತಲಿಲ್ಲ. ಹಿಂದಿನ ಆಸನದ ಎಡ ಮೂಲೆಯಲ್ಲಿ ಒಂದು ಹೊಲಿಗೆ ಇರಬಾರದ ಕಡೆಗೆ ಹಾದುಹೋಗಿದೆ. ಅದರ ಕೆಳಗೆ ನಾವು ಮಾಡಿದ ತೂತುಗಳಿವೆ. ನೋಡಿದವರಿಗೆ ಅದು ಅಲಂಕಾರದಂತೆ ಕಾಣುವುದು. ಅದು ಏನೆಂಬುದು ನಮಗೂ ಅವನಿಗೂ ಗೊತ್ತು.

ಈಗ ಪ್ರತಿ ರವಿವಾರ ಮುಂಜಾನೆ ನಾವು ಸವದತ್ತಿಗೆ ಹೋಗುತ್ತಿದ್ದೇವೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ತಾಸು ಸಂಧಿಪಾಠ ನಡೆಯುತ್ತದೆ. ಹುಡುಗಿ ಚುರುಕಿನವಳು, ತಡವರಿಸಿದರೆ ನಾವು ಕಾಯುತ್ತೇವೆ.