ಕನ್ಯಾನದ ಕೆಂಪು ಹಾದಿಯಲ್ಲಿ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೇತ್ರಾವತಿಯನ್ನು ದಾಟಿ, ಪಾಣೆಮಂಗಳೂರನ್ನು ಹಿಂದೆ ಬಿಟ್ಟು ಮುಂದೆ ಬಂದರೆ ಕಲ್ಲಡ್ಕ. ಹಾಲೂ ಚಹದ ಕಷಾಯವೂ ಒಂದರೊಡನೊಂದು ಬೆರೆಯದೆ ಗಾಜಿನ ಲೋಟದಲ್ಲಿ ಪದರಪದರವಾಗಿ ನಿಲ್ಲುವ ಚಹಕ್ಕೆ ಹೆಸರಾದ ಊರು ಇದು. ಇಲ್ಲಿ ಹೆದ್ದಾರಿಯನ್ನು ತೊರೆದು ದಕ್ಷಿಣಕ್ಕೆ ತಿರುಗಿದ ಪ್ರಯಾಣಿಕನು ವಿಟ್ಲವನ್ನು ಸೇರಿ, ಅಲ್ಲಿಂದ ಪಡುವಣ ಹಾದಿ ಹಿಡಿದರೆ ಕನ್ಯಾನವನ್ನು ಮುಟ್ಟುತ್ತಾನೆ. ಬಂಟ್ವಾಳ ತಾಲ್ಲೂಕಿನ ಅಂಚಿನ ಗ್ರಾಮವಿದು. ಇನ್ನೂ ಮುಂದೆ ಸಾಗಿದರೆ ಬಾಯಾರು. ಅದು ಕಾಸರಗೋಡು ಜಿಲ್ಲೆಗೆ ಸೇರಿದ್ದು. 1956ರ ನವೆಂಬರ್ 1ರಂದು ಇವೆರಡರ ನಡುವೆ ರಾಜ್ಯದ ಗಡಿಯೊಂದು ಹಾದುಹೋಯಿತು. ಆದರೆ ಅತ್ತಲೂ ಇತ್ತಲೂ ಮಣ್ಣು ಒಂದೇ ಕೆಂಪು, ತೋಟ ಒಂದೇ ಅಡಕೆಯದು, ಅಂಗಡಿಯ ಜಗಲಿಯಲ್ಲಿ ಕೇಳಿಬರುವ ತುಳು, ಕನ್ನಡ, ಮಲೆಯಾಳಗಳ ಬೆರಕೆಯೂ ಒಂದೇ.

ಸಮತಟ್ಟಾದ ಬಯಲುಸೀಮೆಯಲ್ಲಿ ಬೆಳೆದವರಿಗೆ ಈ ನೆಲದ ಕಟ್ಟು ಸುಲಭವಾಗಿ ತಿಳಿಯದು. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಇವೆಲ್ಲಕ್ಕೂ ಮೇಲೆ, ಗುಡ್ಡದ ನೆತ್ತಿಯಲ್ಲಿ, ಮುರಕಲ್ಲಿನ ಹಾಸು ಬಿಸಿಲಿಗೆ ಕಾದು ಮಳೆಗೆ ಕಪ್ಪಾಗಿ ಹರಡಿಕೊಂಡಿರುವ ಪದವು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಇಳಿಯಬೇಕು, ತೋಡನ್ನು ದಾಟಬೇಕು, ಮತ್ತೆ ಏರಬೇಕು. ಇಲ್ಲಿಯ ಜನರ ಮೀನಖಂಡಗಳು ಗಟ್ಟಿಯಾಗಿರುವುದು ವ್ಯಾಯಾಮಶಾಲೆಯಿಂದಲ್ಲ. ದಿನನಿತ್ಯದ ಈ ಏರಿಳಿತದಿಂದ.

ಇಂಥ ಊರಿನ ಹಾದಿಯಲ್ಲಿ ಜುಲೈ ತಿಂಗಳ ಒಂದು ಮುಂಜಾನೆ, ಇನ್ನೂ ಬೆಳಕು ಹರಿಯುವ ಮೊದಲು, ಒಬ್ಬ ತರುಣನು ಓಡುತ್ತಿರುವನೆಂದು ಓದುಗರು ಭಾವಿಸಬಹುದು. ಹೆಸರಿನ ಅಗತ್ಯವಿಲ್ಲ. ನವೆಂಬರಿನಲ್ಲಿ ನಡೆಯುವ ಮ್ಯಾರಥಾನ್ ಓಟಕ್ಕೆ ಅವನು ಹೆಸರು ಕೊಟ್ಟಿದ್ದಾನೆ. ಹದಿನಾರು ವಾರಗಳ ಅಭ್ಯಾಸ. ಬೆಳಗ್ಗೆ ಓಡಿ, ಮಿಂದು, ಗಂಜಿಯೂಟ ಮುಗಿಸಿ, ಬಸ್ಸು ಹಿಡಿದು ವಿಟ್ಲಕ್ಕೆ ಕೆಲಸಕ್ಕೆ ಹೋಗಬೇಕು. ಹಾಲಿನ ಪಾತ್ರೆ ಹಿಡಿದು ಎದುರಾಗುವ ಅಜ್ಜನೊಬ್ಬನಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

“ಎಂತ ಮಾರಾಯ, ಹಿಂದಿನಿಂದ ಯಾರಾದರೂ ಅಟ್ಟಿಸಿಕೊಂಡು ಬರ್ತಾರಾ?”

“ಇಲ್ಲ ಅಜ್ಜ, ಸುಮ್ಮನೆ.”

ಸುಮ್ಮನೆ ಓಡುವುದು ಎಂಬುದು ಈ ನೆಲದಲ್ಲಿ ಹೊಸ ಮಾತು. ತರುಣನ ತಂದೆ ಅಡಕೆ ಮರ ಹತ್ತುವವನಾಗಿದ್ದ. ಕಾಲಿಗೆ ಬಳ್ಳಿಯ ಕುಣಿಕೆ ಹಾಕಿಕೊಂಡು ಒಂದು ಮರವೇರಿ, ಅಲ್ಲಿಂದಲೇ ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟುವ ಕೆಲಸ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಹೊಡೆಯಬೇಕಾದಾಗ, ಹಾವಸೆ ಕಟ್ಟಿ ಜಾರುವ ಕಾಂಡದ ಮೇಲೆ ಆ ಕಾಲುಗಳೇ ಆಧಾರ. ಮೊಣಕಾಲು ನೋಯುತ್ತದೆಂದು ಅವನು ಒಂದು ದಿನವೂ ಮನೆಯಲ್ಲಿ ಕುಳಿತವನಲ್ಲ; ಕುಳಿತರೆ ಆ ದಿನದ ಸಂಬಳವಿಲ್ಲ. ಈಗ ಅವನಿಂದ ಮರ ಹತ್ತಲಾಗದು. ಮೆಟ್ಟಿಲು ಇಳಿಯುವಾಗಲೂ ಗೋಡೆಯನ್ನು ಹಿಡಿಯುತ್ತಾನೆ.

ಮ್ಯಾರಥಾನಿನ ದೂರ 42.195 ಕಿಲೋಮೀಟರು. ಕ್ರಿ. ಪೂ. 490ರ ಯುದ್ಧದ ಜಯವಾರ್ತೆಯನ್ನು ಮ್ಯಾರಥಾನಿನಿಂದ ಅಥೆನ್ಸಿಗೆ ಹೊತ್ತು ತಂದು ಕುಸಿದುಬಿದ್ದ ದೂತನ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯ ನೆನಪಿಗಾಗಿ 1896ರಲ್ಲಿ ಅಥೆನ್ಸಿನ ಒಲಿಂಪಿಕ್ಸಿನಲ್ಲಿ ಈ ಓಟ ಆರಂಭವಾಯಿತು. 1908ರಲ್ಲಿ ಲಂಡನ್ನಿನಲ್ಲಿ ಓಡಿದ ದೂರವೇ 1921ರಲ್ಲಿ ಶಾಶ್ವತವಾಗಿ ನಿಗದಿಯಾಯಿತು. ಸಾವಿನಲ್ಲಿ ಮುಗಿಯುವ ಕಥೆಯೊಂದನ್ನು ಮೂಲದಲ್ಲಿಟ್ಟುಕೊಂಡ ಸ್ಪರ್ಧೆ ಇದು. ಆದ್ದರಿಂದಲೋ ಏನೋ, ನೋವನ್ನು ನುಂಗಿ ಓಡುವುದೇ ಇದರ ಧರ್ಮವೆಂದು ಹಲವರು ಬಗೆದಿದ್ದಾರೆ.

ತರುಣನೂ ಹಾಗೆಯೇ ಬಗೆದಿದ್ದ. ಆರನೆಯ ವಾರದಲ್ಲಿ ಎಡಗಾಲಿನ ಹಿಮ್ಮಡಿಯ ಮೇಲೆ, ಬೆರಳೆರಡರಷ್ಟು ಎತ್ತರದಲ್ಲಿ, ಒಂದು ಬಿಗಿತ ಕಾಣಿಸಿಕೊಂಡಿತು. ಹಾಸಿಗೆಯಿಂದೆದ್ದು ಇಡುವ ಮೊದಲ ಹತ್ತು ಹೆಜ್ಜೆ ಕುಂಟು. ಮತ್ತೆ ಏನೂ ಇಲ್ಲ. ಓಡತೊಡಗಿದರೆ ಮೊದಲು ನೋವು, ಮೈ ಬಿಸಿಯಾದ ಮೇಲೆ ಮಾಯ. ಈ ಮಾಯವಾಗುವಿಕೆಯೇ ಮೋಸ. ಎಂಟನೆಯ ವಾರಕ್ಕೆ ಹತ್ತು ಹೆಜ್ಜೆಯ ಕುಂಟು ಅರ್ಧ ಗಂಟೆಯದಾಯಿತು.

ಅಲ್ಲಿರುವುದು ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಗ್ರೀಕರ ವೀರನೊಬ್ಬನ ಹೆಸರನ್ನು ವೈದ್ಯರು ಅದಕ್ಕಿಟ್ಟಿದ್ದಾರೆ: ಅಕಿಲಿಸ್. ತಾಯಿಯು ಹಿಮ್ಮಡಿಯನ್ನು ಹಿಡಿದು ದಿವ್ಯಜಲದಲ್ಲಿ ಮುಳುಗಿಸಿದಳಂತೆ. ನೀರು ತಾಗದ ಆ ಒಂದೆಡೆಯಲ್ಲಿ ಬಾಣ ತಾಗಿ ಅವನು ಅಳಿದ. ಜರನೆಂಬ ಬೇಡನ ಬಾಣ ಶ್ರೀಕೃಷ್ಣನ ಪಾದಕ್ಕೆ ತಾಗಿದ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತವೆನಿಸಲಾರದು. ಮಹಾಪುರುಷರ ಕೊನೆಯೂ ಕಾಲಿನಿಂದಲೇ ಬಂದಿದೆ.

ಈ ನೋವಿನ ಚಿಕಿತ್ಸೆಗೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಸ್ವೀಡನ್ನಿನ ಉಮೆಯೊ ನಗರದ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಸ್ವತಃ ಓಟಗಾರ. ಅವನಿಗೂ ಇದೇ ನೋವು. ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕೆಂದರೆ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ರಜ್ಜು ಹರಿದೇ ಹೋಗಲಿ, ಆಗ ಶಸ್ತ್ರಕ್ರಿಯೆ ಅನಿವಾರ್ಯವಾದೀತು ಎಂದು ಅವನು ಹಟದಿಂದ ಅದರ ಮೇಲೆ ಭಾರ ಹಾಕತೊಡಗಿದ. ಹರಿಯುವುದರ ಬದಲು ಅದು ಗುಣವಾಯಿತು! ಅದನ್ನೇ ಅವನು ಕ್ರಮಬದ್ಧವಾಗಿಸಿ, ಸಂಗಡಿಗರೊಡನೆ 1998ರಲ್ಲಿ ಪ್ರಕಟಿಸಿದ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲನ್ನೂರಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಮೇಲೇರುವಾಗ ಇನ್ನೊಂದು ಕಾಲಿನ ನೆರವು. ಮೊಣಕಾಲು ನೇರವಾಗಿಟ್ಟು ಹದಿನೈದರಂತೆ ಮೂರು ಸಲ, ಬಾಗಿಸಿ ಮೂರು ಸಲ, ದಿನಕ್ಕೆ ಎರಡು ಹೊತ್ತು. ಒಟ್ಟು ದಿನಕ್ಕೆ 180 ಇಳಿತ; ಹೀಗೆ ಹನ್ನೆರಡು ವಾರ.

ಕನ್ಯಾನದ ಮನೆಗಳಲ್ಲಿ ಮೆಟ್ಟಿಲಿಗೆ ಬರವಿಲ್ಲ. ಅಂಗಳದಿಂದ ಜಗಲಿಗೇರುವ ಮುರಕಲ್ಲಿನ ಮೆಟ್ಟಿಲೇ ತರುಣನ ಚಿಕಿತ್ಸಾಲಯವಾಯಿತು. ತಂದೆ ಗೋಡೆ ಹಿಡಿದು ಇಳಿಯುವ ಅದೇ ಮೆಟ್ಟಿಲಿನಲ್ಲಿ, ಮಗನು ಗೋಡೆ ಹಿಡಿದು ಹಿಮ್ಮಡಿ ಇಳಿಸುತ್ತಾನೆ. ಮಾಡಿನ ಹಂಚಿನಿಂದ ಮಳೆನೀರು ಸುರಿಯುತ್ತಿರುತ್ತದೆ. ಲೆಕ್ಕ ತಪ್ಪಿದರೆ ಜಗಲಿಯಲ್ಲಿ ಕುಳಿತ ತಾಯಿ ನೆನಪಿಸುತ್ತಾಳೆ.

ಓಟವನ್ನು ಪೂರ್ತಿಯಾಗಿ ಬಿಡಬೇಕೆ? ಬೇಕಿಲ್ಲವೆಂದು ಸ್ವೀಡನ್ನಿನದೇ ಇನ್ನೊಂದು ಅಧ್ಯಯನ 2007ರಲ್ಲಿ ತೋರಿಸಿತು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವು ಐದನ್ನು ಮೀರದಿದ್ದರೆ, ಮರುದಿನ ಬೆಳಗ್ಗೆಗೆ ಅದು ತಗ್ಗಿದ್ದರೆ, ವಾರದಿಂದ ವಾರಕ್ಕೆ ಏರದಿದ್ದರೆ, ಹದವರಿತು ಓಡಬಹುದು. ನೋವನ್ನು ಶತ್ರುವೆಂದು ಹೊಡೆದಟ್ಟುವುದೂ ಅಲ್ಲ, ಅದರ ಎದುರು ಮಂಡಿಯೂರುವುದೂ ಅಲ್ಲ. ದಿನವೂ ಅದರ ಲೆಕ್ಕ ಬರೆದಿಡುವುದು. ಆದರೆ ಏರುದಾರಿ ಮಾತ್ರ ಸಲ್ಲದು. ಏರುವಾಗ ಪಾದ ಮೇಲಕ್ಕೆ ಮಡಚಿ ರಜ್ಜು ಹೆಚ್ಚು ಸೆಳೆಯಲ್ಪಡುತ್ತದೆ. ಹೀಗಾಗಿ ತರುಣನು ತಾನು ಹುಟ್ಟಿದ ನೆಲದ ನಕ್ಷೆಯನ್ನು ಹಿಮ್ಮಡಿಯ ಕಣ್ಣಿನಿಂದ ಹೊಸದಾಗಿ ಓದಬೇಕಾಯಿತು. ಬೈಲಿನಿಂದ ಬೆಟ್ಟಿಗೇರುವ ಹಾದಿಯನ್ನು ನಡೆದೇ ಹತ್ತಿ, ಪದವಿನ ಸಮನೆಲದಲ್ಲಿ ಸುತ್ತುಸುತ್ತಾಗಿ ಓಡತೊಡಗಿದ. ಮಳೆಗಾಲದ ಪದವು ಹುಲ್ಲುಹೂಗಳಿಂದ ತುಂಬಿ, ಕಲ್ಲಿನ ಕುಳಿಗಳಲ್ಲಿ ನೀರು ನಿಂತು ಆಕಾಶವನ್ನು ತೋರುತ್ತಿರುತ್ತದೆ. ಗುಡ್ಡವನ್ನು ಗೆಲ್ಲುವ ಆತುರದಲ್ಲಿ ಅವನು ಇದನ್ನು ಹಿಂದೆ ಕಂಡಿರಲಿಲ್ಲ.

ಹಿಮ್ಮಡಿಯ ಮಾತು ಈ ಸೀಮೆಗೆ ಹೊಸತಲ್ಲ. ನೇತ್ರಾವತಿಯನ್ನು ದಾಟಿ ಬಡಗಣಕ್ಕೆ ಹೋದರೆ ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿ ತಾಲ್ಲೂಕಿನ ವೇಣೂರು, ಮೂಡುಬಿದಿರೆಯ ಕಡಲಕೆರೆ: ಎಲ್ಲವೂ ಕಂಬಳದ ಕರೆಗಳಿಗೆ ಹೆಸರಾದವು. 2020ರ ಫೆಬ್ರುವರಿಯಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ದೇಶವೆಲ್ಲ ಬೆರಗಾಯಿತು. ಬೆಂಗಳೂರಿಗೆ ಬಂದು ಓಟದ ಪರೀಕ್ಷೆ ಕೊಡಬೇಕೆಂದು ಗೌಡರಿಗೆ ಕರೆಯೂ ಬಂತು. ಅವರು ಒಲ್ಲೆನೆಂದರು. ಕಂಬಳದಲ್ಲಿ ಕೆಲಸ ಮಾಡುವುದು ಹಿಮ್ಮಡಿ, ಪಥದ ಓಟದಲ್ಲಿ ಕಾಲ್ಬೆರಳು; ಕಂಬಳದಲ್ಲಿ ಕೋಣಗಳ ಪಾಲೂ ಇದೆ; ಎರಡೂ ಬೇರೆಬೇರೆ ಎಂಬುದು ಅವರ ವಿವರಣೆ. ಹೊಗಳಿಕೆಯ ಹೊಳೆ ಹರಿಯುತ್ತಿರುವಾಗ ತನ್ನ ಕಾಲು ಏನನ್ನು ಬಲ್ಲದು, ಏನನ್ನು ಅರಿಯದು ಎಂದು ಹೇಳಬಲ್ಲ ವಿವೇಕ ದೊಡ್ಡದು. ಅದೇ ವೇಣೂರಿನಲ್ಲಿ, 1604ರಲ್ಲಿ ನಿಂತ ಬಾಹುಬಲಿಯು ಒಂದು ಹೆಜ್ಜೆಯನ್ನೂ ಇಡದೆ ಇಂದಿಗೂ ನಿಂತಿದ್ದಾನೆ. ಗೆದ್ದ ಮೇಲೆ ನಿಲ್ಲಲು ಕಲಿತವನ ಮೂರ್ತಿಯದು.

ಕನ್ನಡನಾಡಿನ ಮ್ಯಾರಥಾನಿನ ಮಾತು ಬಂದಾಗ ಬೆಳಗಾವಿಯ ಫಡೆಪ್ಪ ಚೌಗುಲೆಯವರನ್ನು ಮರೆಯುವಂತಿಲ್ಲ. 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ಸಿಗೆ ಹೋದ ಭಾರತದ ತಂಡದಲ್ಲಿ ಮ್ಯಾರಥಾನ್ ಓಡಿದವರು ಇಬ್ಬರು. ಆ ವರ್ಷದ ದೂರ ಇಂದಿನದಕ್ಕಿಂತಲೂ ಹೆಚ್ಚು, 42.75 ಕಿಲೋಮೀಟರು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಜೊತೆಗಾರ ಸದಾಶಿವ ದಾತಾರರು ನಡುವೆಯೇ ಓಟ ನಿಲ್ಲಿಸಬೇಕಾಯಿತು. ಮುಗಿಸಿದವರ ಹೆಸರನ್ನು ಚರಿತ್ರೆ ಅಂಕಿಗಳೊಡನೆ ಬರೆದಿಡುತ್ತದೆ. ನಿಲ್ಲಿಸಿದವರ ಎದುರು ಅಂಕಿಯಿಲ್ಲ. ಆದರೆ ಅಷ್ಟು ದೂರದ ನಾಡಿಗೆ ಹೋಗಿ ಓಟದ ಗೆರೆಯ ಬಳಿ ನಿಂತದ್ದರಲ್ಲಿ ಇಬ್ಬರೂ ಸಮಾನರಲ್ಲವೆ?

ಅಕ್ಟೋಬರಿನ ಮಧ್ಯಭಾಗ. ಮಳೆ ಹಿಂದೆಗೆದಿದೆ. ತರುಣನ ಪುಸ್ತಕದಲ್ಲಿ ಮುಂಜಾನೆಯ ನೋವಿನ ಅಂಕಿ ಐದರಿಂದ ಮೂರಕ್ಕೂ, ಮೂರರಿಂದ ಎರಡಕ್ಕೂ ಇಳಿದಿದೆ. ಉತ್ಸಾಹದಿಂದ ಒಂದು ಭಾನುವಾರ ಗಡಿ ದಾಟಿ ಬಾಯಾರಿನ ಕಡೆಗೆ ಮೂವತ್ತು ಕಿಲೋಮೀಟರಿನ ಓಟಕ್ಕೆ ಹೊರಟ. ಇಪ್ಪತ್ತೆರಡರವರೆಗೆ ಎಲ್ಲವೂ ಸರಿ. ಮುಂದಿನದನ್ನು ಹಟದಿಂದ ಮುಗಿಸಿದ. ಸೋಮವಾರ ಬೆಳಗ್ಗೆ ಅಂಕಿ ಆರು.

ಅಂದು ಅವನು ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದ. ಇನ್ನು ಉಳಿದಿರುವುದು ನಾಲ್ಕು ವಾರ. ಊರಿಗೆಲ್ಲ ಸುದ್ದಿ ಹಬ್ಬಿದೆ. ಹಾಲಿನ ಅಜ್ಜನೂ ದಿನ ಎಣಿಸುತ್ತಿದ್ದಾನೆ. ಓಡಿದರೆ ಮುಗಿಸಬಹುದೇನೋ, ಆಮೇಲೆ ಎಷ್ಟು ತಿಂಗಳು ಕುಂಟಬೇಕೋ.

ತಂದೆ ಪಕ್ಕದಲ್ಲಿ ಬಂದು ಕುಳಿತ.

“ಅಪ್ಪ, ಇಷ್ಟು ದಿವಸ ಮಾಡಿದ್ದು ನೀರಿಗೆ ಹೋಯ್ತಲ್ಲ.”

“ನೀರಿಗೆ ಎಂತ ಹೋಗ್ತದೆ ಮಗಾ? ನಂಗೆ ಕೂತ್ಕೊಳ್ಳಿಕ್ಕೆ ಆಗ್ಲಿಲ್ಲ. ನಿಂಗೆ ಆಗ್ತದೆ. ಕೂತ್ಕೋ.”

ಇದಕ್ಕಿಂತ ಹೆಚ್ಚು ಆ ಮನುಷ್ಯ ಮಾತಾಡಲಿಲ್ಲ. ಆದರೆ ಆ ಮಾತಿನ ಭಾರ ಮಗನಿಗೆ ತಿಳಿಯಿತು. ನೋವಾದಾಗ ನಿಲ್ಲುವುದು ಕೆಲವರಿಗೆ ಹೇಡಿತನವಾಗಿ ಕಾಣಬಹುದು. ಒಂದು ತಲೆಮಾರಿಗೆ ಅದು ದಕ್ಕದ ಸಿರಿಯಾಗಿತ್ತು. ಸಂಜೆ ಅವನು ಪೂರ್ಣ ಓಟದಿಂದ ಹೆಸರನ್ನು ಹಿಂತೆಗೆದು, ಕಾಲು ಸಮ್ಮತಿಸಿದರೆ ಮಾತ್ರ ಅರ್ಧದ ಓಟ ಎಂದು ಪುಸ್ತಕದಲ್ಲಿ ಬರೆದುಕೊಂಡ.

ಚಳಿಗಾಲದಲ್ಲಿ ಕನ್ಯಾನಕ್ಕೆ ಹೋಗುವ ಪ್ರಯಾಣಿಕನು ಬೆಳಗಿನ ಮಂಜು ತೋಟಗಳ ಮೇಲಿನಿಂದ ಮೆಲ್ಲನೆ ಏಳುವುದನ್ನು ಕಾಣಬಹುದು. ಅಂಗಳಗಳಲ್ಲಿ ಅಡಕೆ ಒಣಗಲು ಹರವಿರುತ್ತದೆ. ಅಂಥದೊಂದು ಅಂಗಳದ ಅಂಚಿನ ಮೆಟ್ಟಿಲಿನಲ್ಲಿ ತರುಣನೊಬ್ಬನು ಗೋಡೆಗೆ ಕೈಕೊಟ್ಟು, ಹಿಮ್ಮಡಿಯನ್ನು ಇಳಿಸಿ ಏರಿಸುತ್ತ, ತುಟಿಯಲ್ಲೇ ಎಣಿಸುತ್ತ ನಿಂತಿದ್ದರೆ ಅವನನ್ನು ಮಾತಾಡಿಸಬಾರದು. ಲೆಕ್ಕ ತಪ್ಪಿಹೋದೀತು.