ಸುರಪುರದ ಸಂಜೆ, ಗಿಟಾರಿನ ನಾದ

ಮುಂಬಯಿಯಿಂದ ಚೆನ್ನೈಗೆ ಹೊರಟ ರೈಲು ವಾಡಿ ದಾಟಿ ರಾಯಚೂರು ಮುಟ್ಟುವ ಮುನ್ನ ಯಾದಗಿರಿಯಲ್ಲಿ ನಿಲ್ಲುತ್ತದೆ. ಇಳಿದವರ ಕಣ್ಣಿಗೆ ಬೀಳುವುದು ಬಿಸಿಲು ಮತ್ತು ಊರ ನೆತ್ತಿಯ ಮೇಲಿನ ಕೋಟೆ. ಅಲ್ಲಿಂದ ಶಹಾಪುರದ ಬಸ್ಸು ಹಿಡಿದರೆ ಭೀಮಾ ಸೇತುವೆ, ಹತ್ತಿಯ ಹೊಲ, ನಾರಾಯಣಪುರ ಕಾಲುವೆಯ ನೀರು ಹರಿದಲ್ಲೆಲ್ಲ ಹಸಿರು ಭತ್ತ. ಶಹಾಪುರ ಸಮೀಪಿಸುತ್ತಿದ್ದಂತೆ ಸಾಲು ಬೆಟ್ಟಗಳು ಸೇರಿ ಅಂಗಾತ ಮಲಗಿದ ಮನುಷ್ಯನ ಆಕಾರ ತಾಳುತ್ತವೆ. ಜನ ಅದನ್ನು ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಕಲ್ಲು ಕೂಡ ವಿಶ್ರಾಂತಿ ಪಡೆಯುತ್ತಿರುವಂತೆ ಕಾಣುವ ಇಂಥ ಊರಿನಲ್ಲಿ ವಿಶ್ರಾಂತಿಯ ಸಂಗೀತದ ಮಾತೆತ್ತಿದರೆ ಅಸಂಗತವೇನೂ ಆಗಲಾರದು.

ಆದರೆ ಈ ಸೀಮೆಯಲ್ಲಿ ವಿಶ್ರಾಂತಿ ಎಂಬ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ. 2023 ಮತ್ತು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶಗಳಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಇಂಥ ಜಿಲ್ಲೆಯಲ್ಲಿ ಮಗನೋ ಮಗಳೋ ಗಿಟಾರು ಬೇಕೆಂದರೆ ಹಿರಿಯರ ಬಾಯಿಂದ ಬರುವ ಮಾತು ಎಲ್ಲರಿಗೂ ಗೊತ್ತು: "ಗಿಟಾರ ಬಾರ್ಸಿದ್ರ ಹೊಟ್ಟಿ ತುಂಬ್ತದೇನೋ ತಮ್ಮಾ?" ಪ್ರಶ್ನೆ ತಪ್ಪಲ್ಲ. ಹೊಟ್ಟೆಯ ಚಿಂತೆ ಇದ್ದವರೇ ಕೇಳಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರ ಮಾತ್ರ ಒಂದೇ ಇಲ್ಲ.

ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ ಅವರಿಗೂ ಇಂಥದೇ ತಕರಾರು ಎದುರಾಗಿತ್ತು. ಗಿಟಾರಿನಲ್ಲಿ ಶಾಸ್ತ್ರೀಯ ಸಂಗೀತವನ್ನಷ್ಟೇ ನುಡಿಸುತ್ತೇನೆಂದು ತಂದೆಗೆ ಮಾತು ಕೊಟ್ಟು ಅವರು ಆ ವಾದ್ಯ ಹಿಡಿದರು. ಅಲಿ ಅಕ್ಬರ್ ಖಾನರ ಶಿಷ್ಯರಾದರು. 1967ರಲ್ಲಿ ಸಂತೂರಿನ ಶಿವಕುಮಾರ ಶರ್ಮಾ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ಮಾಡಿದ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳುತ್ತದೆ. ಅಹಿರ್ ಭೈರವದಲ್ಲಿ ಬೆಳಗು, ಕೊನೆಗೆ ಪಹಾಡಿಯಲ್ಲಿ ರಾತ್ರಿ. ಕುರಿ ಕಾಯುವವರಿಗೆ ಬರವಿಲ್ಲದ ಯಾದಗಿರಿ ಸೀಮೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1967ರಲ್ಲಿ ಅಮೆರಿಕದಲ್ಲಿ ಇನ್ನೊಬ್ಬ ಗಿಟಾರುವಾದಕನ ಮುದ್ರಿಕೆ ಬಂತು: ವೆಸ್ ಮಾಂಟ್ಗೊಮೆರಿಯ 'ಎ ಡೇ ಇನ್ ದ ಲೈಫ್'. ಇವತ್ತು ಸ್ಮೂತ್ ಜಾಜ್, ಲೌಂಜ್ ಎಂದೆಲ್ಲ ಕರೆಯುವ ನಯವಾದ, ನಿರಾಳ ಸಂಗೀತದ ಮೂಲವನ್ನು ಹುಡುಕುವವರು ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ವೆಸ್ ಹುಟ್ಟಿದ್ದು 1923ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್‌ನ ಗ್ರಾಮಫೋನು ತಟ್ಟೆಗಳನ್ನು ಮತ್ತೆ ಮತ್ತೆ ಕೇಳಿ, ಕಿವಿಯಿಂದಲೇ ಕಲಿತವ. ದೊಡ್ಡ ಸಂಸಾರ. ಹಗಲು ಕಾರ್ಖಾನೆ, ರಾತ್ರಿ ಕ್ಲಬ್ಬಿನಲ್ಲಿ ವಾದನ. ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಬಾರದೆಂದು ಮೀಟುಕಡ್ಡಿ ಬಿಟ್ಟು ಹೆಬ್ಬೆರಳಿನಿಂದ ತಂತಿ ಮೀಟತೊಡಗಿದ ಎಂಬ ಕಥೆ ಇದೆ. ಆ ಬೆಚ್ಚನೆಯ, ದುಂಡಗಿನ ನಾದವೇ ಮುಂದೆ ಅವನ ಗುರುತಾಯಿತು. ಬಿರುಸಿನ ಜಾಜ್, ಬ್ಲೂಸ್, ಬೀಟಲ್ಸ್ ಹಾಡು ಎಲ್ಲಕ್ಕೂ ಅದೇ ಹೆಬ್ಬೆರಳು.

ಈ ಮುದ್ರಿಕೆಯಲ್ಲಿ ಗಿಟಾರು ಅವಸರಪಡುವುದಿಲ್ಲ. ಹಾಡಿನ ಧಾಟಿಯನ್ನು ಹಾಡುವವರಂತೆಯೇ ಎಳೆದು ಹೇಳುತ್ತದೆ. ಹಿಂದೆ ಪಿಟೀಲುಗಳ ಮೆತ್ತನೆಯ ಹಾಸು. ಇಷ್ಟು ನಯವಾದದ್ದು ಜಾಜೇ ಅಲ್ಲ, ಕಾಸಿಗಾಗಿ ಮಾಡಿದ್ದು ಎಂದು ವಿಮರ್ಶಕರು ಮೂಗುಮುರಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ವೆಸ್‌ನ ಹಿಂದಿನ ಮುದ್ರಿಕೆಗಳ ಮಿಂಚು ಇಲ್ಲಿಲ್ಲ. ಆದರೆ ದುಡಿದು ದಣಿದು ಬಂದವನು ದಣಿದವರಿಗಾಗಿ ನುಡಿಸಿದರೆ ಅದನ್ನು ಅಪರಾಧ ಎನ್ನುವುದು ಹೇಗೆ? ಮುಂದಿನ ವರ್ಷವೇ, 45ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. (ಪಾಲಕರಿಗೆ ಒಂದು ಸೂಚನೆ: ಮುದ್ರಿಕೆಯ ಹೊದಿಕೆಯ ಮೇಲಿರುವುದು ಸಿಗರೇಟು ತುಂಡುಗಳು ತುಂಬಿದ ಬೂದಿಬಟ್ಟಲು. ಮಕ್ಕಳಿಗೆ ಸಂಗೀತ ಸಾಕು, ಹೊದಿಕೆ ಬೇಡ.)

ಹೊರಗಿನವರು ನಮ್ಮ ನಾದಕ್ಕೆ ಕಿವಿಗೊಟ್ಟ ಕಥೆಯೂ ಉಂಟು. ಅದಕ್ಕೆ ಶಹಾಪುರದಿಂದ ಸುರಪುರಕ್ಕೆ ಹೋಗಬೇಕು. ಊರಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ನಿಂತಿದೆ. ಬಾಲಕ ದೊರೆ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಮನೆ. ದೊರೆ ಟೇಲರನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. 1858ರ ದುರಂತದಲ್ಲಿ ಆ ದೊರೆ ಪ್ರಾಣ ಕಳೆದುಕೊಂಡದ್ದು ಸುರಪುರದ ಮಕ್ಕಳೆಲ್ಲ ಬಲ್ಲ ಕಥೆ. ಕಡಿಮೆ ಜನ ಬಲ್ಲದ್ದು ಇನ್ನೊಂದಿದೆ. ಕರ್ನಲ್ ಫ್ರೆಂಚ್ ಎಂಬವರು ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಗೆ ಕೊಟ್ಟ ಭಾರತೀಯ ವಾದ್ಯಗಳಿಗೆ 1860ರ ದಶಕದಲ್ಲಿ ವಿವರಣಾತ್ಮಕ ಪಟ್ಟಿ ಬರೆದವನು ಇದೇ ಟೇಲರ್. ಶಹನಾಯಿ, ತಂಬೂರಿ, ಸಾರಂಗಿಗಳನ್ನು ಡಬ್ಲಿನ್ನಿನ ಪಂಡಿತರಿಗೆ ಪರಿಚಯಿಸಿದವನು ಸುರಪುರದಲ್ಲಿ ವರ್ಷಗಟ್ಟಲೆ ಬಾಳಿದ ಮನುಷ್ಯ. ನಂತರ ಜರ್ಮನಿಯ ಕಂಪನಿಯೊಂದು 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆ ಹೊರತಂದಿತು. ಅದರಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಹಾಗೂ ಆರ್.ಎ. ರಮಾಮಣಿಯವರ ಗಾಯನದೊಡನೆ ಬೆರೆತಿದ್ದಾರೆ.

ಈ ಸೀಮೆಗೆ ತನ್ನದೇ ಒಂದು ನಿರಾಳ ಸಂಗೀತವಿದೆ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಕೂತು ಹಾಡುತ್ತಾರೆ. ಏಕತಾರಿಯ ಒಂದೇ ತಂತಿ, ಒಂದು ಜೋಡಿ ತಾಳ. ವೆಸ್‌ನ ಹೆಬ್ಬೆರಳಿಗೆ ಆರು ತಂತಿ ಬೇಕಾದವು, ಇಲ್ಲಿನವರಿಗೆ ಒಂದೇ ಸಾಕಾಗಿದೆ. ಗಿಟಾರು ಕೇಳಿದ ಹುಡುಗನನ್ನು ಮೊದಲು ಒಂದು ರಾತ್ರಿ ಭಜನೆಯ ಗುಂಪಿನಲ್ಲಿ ಕೂರಿಸಬಹುದು. ಖರ್ಚಿಲ್ಲ, ಕಿವಿಯಿಂದ ಕಲಿಯುವ ಪಾಠ ಅಲ್ಲಿಯೂ ಇದೆ. ಆಮೇಲೂ ಅವನು ಗಿಟಾರೇ ಬೇಕೆಂದರೆ ಮಾತು ಮುಂದುವರಿಸಬಹುದು. ಕಾಬ್ರಾ ಅವರ ಹಾಗೆ ಷರತ್ತು ಹಾಕಿಯೂ ಕೊಡಿಸಬಹುದು.

ಮೇಲೆ ಹೇಳಿದ ಎರಡೂ 1967ರ ಮುದ್ರಿಕೆಗಳು ತಲಾ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತವೆ. ಶಹಾಪುರದಿಂದ ಸುರಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದನ್ನು ಪೂರ್ತಿ ಕೇಳಬಹುದು. ಇನ್ನೊಂದನ್ನು ಸುರಪುರದ ಹತ್ತಿರದ ಬೋನ್ಹಾಳ ಕೆರೆಯ ದಂಡೆಗೆ ಉಳಿಸಿಕೊಳ್ಳಬೇಕು. ಚಳಿಗಾಲವಾದರೆ ಅಲ್ಲಿ ವಲಸೆ ಹಕ್ಕಿಗಳಿರುತ್ತವೆ. ಆಗ ಧ್ವನಿ ಸಣ್ಣದಾಗಿರಲಿ.